ಸೂಲಗಿತ್ತಿಯ ನಂಬರ್ ಎಲ್ಲಿದೆ?

ಅತ್ರಾತೊ ನದಿಯ ದಂಡೆಯ ಊರುಗಳಿಗೆ ರಸ್ತೆಯೆಂದರೆ ನದಿಯೇ. ಹೆರಿಗೆ ನೋವು ಕಾಣಿಸಿಕೊಂಡರೆ ಸೂಲಗಿತ್ತಿ ದೋಣಿ ಹತ್ತಿಯೇ ಬರಬೇಕು. ಕರೆಯುವವರಿಗೆ ಅನುಕೂಲವಾಗಲಿ ಎಂದು ಅಲ್ಲಿನ ಸೂಲಗಿತ್ತಿಯರ ಸಂಘ ಒಂದು ವೆಬ್‌ಸೈಟ್ ಮಾಡಿಸಿತು. ಮಾಡಿಕೊಟ್ಟವಳು ಯಾದಿರಾ, ಕಿಬ್ದೊ ಪೇಟೆಯಲ್ಲಿ ಆ ಕೆಲಸ ಕಲಿತ ಹುಡುಗಿ.

ಸೈಟು ಕಣ್ಣಿಗೆ ಹಬ್ಬ. ತೆರೆದರೆ ಪರದೆ ತುಂಬ ನದಿ ಹರಿಯುವ ವಿಡಿಯೊ, ಅದರ ಮೇಲೆ ಕೂದಲೆಳೆಯಂಥ ಬಿಳಿ ಅಕ್ಷರ, ಕೆಳಗೆ ಹಿರಿಯ ಸೂಲಗಿತ್ತಿ ಪೆತ್ರೋನಜ್ಜಿಯ ನಗುಮುಖ. ನೋಡಿದವರೆಲ್ಲ ಹೊಗಳಿದರು. ಜೊತೆಗೆ ಕೆಲಸ ಕಲಿತ ಗೆಳತಿ ನೊಯೆಮಿ ಮಾತ್ರ ಹುಬ್ಬೇರಿಸಿದಳು.

"ಚೆನ್ನಾಗಿದೆ ಕಣೇ. ಫೋನ್ ನಂಬರ್ ಎಲ್ಲಿ?"

"ಮೂಲೇಲಿ ಮೂರು ಗೆರೆ ಇದೆಯಲ್ಲ, ಒತ್ತಿದ್ರೆ ಬರುತ್ತೆ."

"ಅದು ನಿಂಗೆ ಗೊತ್ತು, ನಂಗೆ ಗೊತ್ತು. ನೋವು ತಿನ್ನೋರ ಮನೇಲಿ ಯಾರಿಗೆ ಗೊತ್ತು?"

"ನಂಬರ್ ಮುಂದೇನೇ ಹಾಕಿದ್ರೆ ಸಾಬೂನಿನ ಜಾಹೀರಾತು ಆಗುತ್ತೆ, ಅಷ್ಟೆ," ಎಂದು ಯಾದಿರಾ ಮೂಗು ಮುರಿದಳು.

ಒಂದು ಮಧ್ಯಾಹ್ನ ಅವಳು ಮೀನುಸಾರಿನ ಮುಂದೆ ಕೂತಿದ್ದಾಗ, ನದಿಯ ಮೇಲ್ದಂಡೆಯ ಊರಿನಿಂದ ಅಣ್ಣ ಎವೆಲಿಯೊ ಫೋನ್ ಮಾಡಿದ. ಅವನ ಹೆಂಡತಿ ಲುಸೆಲಿ ಬಸುರಿ.

"ಲುಸೆಲಿಗೆ ನೋವು ಶುರುವಾಗಿದೆ. ದಿನ ಇನ್ನೂ ತುಂಬಿಲ್ಲ ಕಣೇ! ಅಜ್ಜೀನ ಎಲ್ಲಿ ಬಚ್ಚಿಟ್ಟಿದೀಯ ಮಾರಾಯ್ತಿ?"

"ಸೈಟ್ ತೆಗಿ ಅಣ್ಣಾ, ಮೂಲೇಲಿ ಮೂರು ಗೆರೆ..."

"ಯಾವ ಗೆರೆ? ಬರೀ ನೀರು ಕಾಣ್ತಿದೆ! ಅದೂ ನಿಂತ್ ನಿಂತ್ ಹರೀತಿದೆ. ಈ ಬಿಸಿಲಿಗೆ ಒಂದಕ್ಷರ ಕಾಣ್ಸಲ್ಲ. ನಂಬರ್ ಹೇ..."

ಸಿಗ್ನಲ್ ಹೋಯಿತು.

ಯಾದಿರಾ ತಾನೇ ಪೆತ್ರೋನಜ್ಜಿಗೆ ಕರೆ ಮಾಡಿದಳು. ದೋಣಿ ಹೊರಟಿತು. ಆಮೇಲೆ ಸುದ್ದಿಯೇ ಇಲ್ಲ. ಸಾರು ಆರಿಹೋಯಿತು. ಸೈಟು ಮಾಡಿದವಳ ಅಣ್ಣನಾದ್ದರಿಂದ ಅವನಿಗೆ ದಾರಿ ಸಿಕ್ಕಿತು. ಅಂಥ ತಂಗಿ ಇಲ್ಲದವನು ಯಾರನ್ನು ಕೇಳಬೇಕಿತ್ತು? ಆ ಪ್ರಶ್ನೆ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಹೊತ್ತು ಮುಳುಗುವಾಗ ಅಜ್ಜಿಯ ಫೋನು ಬಂತು.

"ಹೆಣ್ಣು ಮಗು. ಮೈ ಸಣ್ಣದು, ಗಂಟಲು ದೊಡ್ಡದು. ಕೇಳಿಸ್ಕೋ! ತಾಯೀನೂ ಚೆನ್ನಾಗಿದಾಳೆ. ಅಯ್ಯೋ, ನೀನ್ಯಾಕೆ ಅಳ್ತೀಯೇ?"

ಯಾದಿರಾಗೆ ಹೋದ ಜೀವ ಬಂದಂತಾಯಿತು.

ಮಗು ನೋಡಲು ನೊಯೆಮಿಯೂ ಜೊತೆಗೆ ಹೋದಳು. ಅಲ್ಲೇ ಗೆಳತಿಯ ಕಿವಿಯಲ್ಲಿ ಹೇಳಿದಳು: "ಫೋನ್ ನಿಮ್ಮಣ್ಣನ ಕೈಗೆ ಕೊಡು. 'ಅಜ್ಜೀನ ಕರಿ' ಅನ್ನು. ಆಮೇಲೆ ತುಟಿ ಬಿಚ್ಚಬೇಡ. ನೋಡ್ತಾ ಇರು."

ಎವೆಲಿಯೊನ ಹೆಬ್ಬೆರಳು ಪರದೆಯ ಮೇಲೆ ಅಲೆದಾಡಿ ಕೊನೆಗೆ ಅಜ್ಜಿಯ ಮುಖವನ್ನೇ ಒತ್ತಿತು. ಮತ್ತೆ ಒತ್ತಿತು. ಯಾದಿರಾ ತುಟಿ ಕಚ್ಚಿಕೊಂಡಳು.

"ಮುಖ ಒತ್ತಿದ್ರೆ ಫೋನ್ ಹೋಗ್ಬೇಕಪ್ಪ!" ಎಂದು ಅವನು ರೇಗಿದ. "ಈ ಚಿತ್ರಗಿತ್ರ ಎಲ್ಲ ಕಿತ್ತಾಕು. ನಂಬರ್ ಒಂದಿದ್ರೆ ಸಾಕು."

ಮಗುವಿಗೆ ಹಾಲೂಡುತ್ತಿದ್ದ ಲುಸೆಲಿ ಬೇಡವೆಂದು ತಲೆಯಾಡಿಸಿದಳು. "ಅಜ್ಜಿ ಮುಖ ಮಾತ್ರ ತೆಗೀಬೇಡಿ. ನಂಗೆ ಚೊಚ್ಚಲು. ಆ ನಗು ನೋಡೇ ಧೈರ್ಯ ಬಂದಿದ್ದು. ಬರೀ ನಂಬರ್ ಇದ್ದಿದ್ರೆ, ಯಾರೋ ಏನೋ ಅಂತ ಹೆದರ್ತಿದ್ದೆ."

ಯಾದಿರಾ ಅಲ್ಲೇ ಕೂತು ಸೈಟನ್ನು ತಿದ್ದಿದಳು. ವಿಡಿಯೊ ಹೋಯಿತು, ನದಿಯ ಹಸಿರು ಬಣ್ಣ ಉಳಿಯಿತು. ತಿಳಿ ಹಿನ್ನೆಲೆಯ ಮೇಲೆ ಕಪ್ಪನೆಯ ದಪ್ಪ ಅಕ್ಷರ ಬಂತು. ಅಜ್ಜಿಯ ಮುಖ ಮೇಲಕ್ಕೆ ಬಂತು, ಅದರಡಿಯಲ್ಲಿ ದೊಡ್ಡದೊಂದು ಬಟನ್: 'ಅಜ್ಜಿಯನ್ನು ಕರೆಯಿರಿ'. ಮುಖ ಒತ್ತಿದರೂ ಕರೆ ಹೋಗುತ್ತಿತ್ತು. ಸಿಗ್ನಲ್ ಕಮ್ಮಿಯಿದ್ದರೂ ಸೈಟು ತಟ್ಟನೆ ತೆರೆದುಕೊಂಡಿತು.

ಎವೆಲಿಯೊ ಅಂಗಳದ ಬಿಸಿಲಲ್ಲಿ ನಿಂತು ಒತ್ತಿದ.

"ಮತ್ಯಾರಿಗಪ್ಪಾ ನೋವು?" ಅಜ್ಜಿ ಗಾಬರಿಯಾದಳು.

"ಯಾರಿಗೂ ಇಲ್ಲ ಅಜ್ಜಿ. ನೀವು ಸಿಕ್ಕಿಬಿಟ್ರಿ, ಅಷ್ಟೆ!"

ಮನೆಯವರೆಲ್ಲ ನಕ್ಕರು. "ಚಂದಾನೂ ಇದೆ, ಕೈಗೂ ಸಿಗುತ್ತೆ. ಸರಿ, ಒಪ್ಪಿದೆ," ಎಂದ ಎವೆಲಿಯೊ.

ನೀವೂ ನಿಮ್ಮ ಸಂಘಕ್ಕೋ, ಶಾಲೆಗೋ, ಅಂಗಡಿಗೋ ವೆಬ್‌ಸೈಟ್ ಮಾಡಿಸುತ್ತಿದ್ದೀರಾ? ಚಂದವಾಗಿಯೇ ಇರಲಿ, ಚಂದ ಕಂಡರೆ ಜನಕ್ಕೆ ನಂಬಿಕೆ ಹುಟ್ಟುತ್ತದೆ. ಆದರೆ ನಂಬಿ ಬಂದವರು ತಡಕಾಡಬಾರದು. ಊರಿಗೆಲ್ಲ ತೋರಿಸುವ ಮೊದಲು ಪಕ್ಕದ ಮನೆಯವರನ್ನು ಕರೆಯಿರಿ, ಫೋನ್ ಕೈಗಿಡಿ, ಒಂದು ಕೆಲಸ ಹೇಳಿ ಸುಮ್ಮನಿರಿ. ಅವರ ಬೆರಳು ಎಲ್ಲಿಗೆ ಹೋಗುತ್ತದೋ, ಬಾಗಿಲನ್ನು ಅಲ್ಲೇ ಇಡಿ.