ಗ್ಯಾಂಗ್ ಹೊರಟಿದೆ

ಸುಳ್ಳು ಹೇಳುವುದಕ್ಕೆ ನನಗೆ ಅರ್ಧ ದಿನ ತರಬೇತಿ ಕೊಟ್ಟರು. ಕೊಟ್ಟವರು ನಮ್ಮ ಇಂಜಿನಿಯರ್ ನಂದಕುಮಾರ್ ಸಾರ್. ಕೆಟ್ಟ ಮನುಷ್ಯರೇನಲ್ಲ. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಹೇಳುವಾಗ ಅವರ ಕಣ್ಣು ಗೋಡೆಯ ಕ್ಯಾಲೆಂಡರ್ ಕಡೆ ಹೋಗುತ್ತಿತ್ತು, ಅಷ್ಟೇ.

ಇದು ೨೦೦೨ರ ಮಾತು. ಜೆ.ಪಿ. ನಗರದ ಕರೆಂಟ್ ಆಫೀಸಿನಲ್ಲಿ ದೂರಿನ ಫೋನ್ ಎತ್ತುವ ಕೆಲಸ ನನ್ನದು. ಕಾಂಟ್ರ್ಯಾಕ್ಟ್ ನೌಕರಿ, ಬೇಡ ಅಂದರೆ ಮಾರನೆಯ ದಿನ ಮನೆಗೆ. ನನ್ನ ಊರು ಗದಗದ ಆಚೆ. ಬಿಟಿಎಮ್‌ನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಸೇರಿದ ಮೊದಲ ದಿನವೇ ನಂದಕುಮಾರ್ ಸಾರ್ ನನ್ನ ಮಾತು ತಿದ್ದಿದ್ದರು. "ಮಧುಮತಿ, 'ಬರ್ತೈತ್ರಿ' ಅಂದ್ರೆ ಫೋನಲ್ಲಿ ಜನ ನಗ್ತಾರೆ. 'ಬರುತ್ತೆ ಸಾರ್' ಅನ್ನಿ." ಕಲಿತೆ. ತಿಂಗಳೊಳಗೆ ಬೆಂಗಳೂರು ಕನ್ನಡದಲ್ಲಿ ಆಟೋದವರ ಜೊತೆ ಜಗಳ ಆಡುವಷ್ಟು ಕಲಿತೆ. ನಮ್ಮ ಕಡೆಯ ಮಾತನ್ನು ರೂಮಿಗೆ, ಊರಿನ ಎಸ್‌ಟಿಡಿ ಕರೆಗೆ ಮೀಸಲಿಟ್ಟೆ.

ದಸರಾ ಮುಗಿದ ಮೇಲೆ ಆಫೀಸಿನ ತುಂಬ ಒಂದೇ ಸುದ್ದಿ. ಹೊಸ ವರ್ಷದಿಂದ ಕಂಪನಿ ಹೊಸ ಮಾರ್ಕೆಟ್ಟಿಗೆ ಇಳಿಯುತ್ತದೆಯಂತೆ. ನಂದಕುಮಾರ್ ಸಾರ್ ನಮ್ಮನ್ನೆಲ್ಲ ಕೂರಿಸಿಕೊಂಡು ತಿಳಿಸಿ ಹೇಳಿದರು. ದಕ್ಷಿಣದ ರಾಜ್ಯಗಳೆಲ್ಲ ಒಂದೇ ತಂತಿಯ ಮೇಲಿವೆ. ನಾಳೆ ನಮಗೆ ಇಷ್ಟು ಕರೆಂಟ್ ಬೇಕು ಎಂದು ಪ್ರತಿಯೊಬ್ಬರೂ ಇವತ್ತೇ ಹೇಳಿಡಬೇಕು. ಹೇಳಿದ್ದಕ್ಕಿಂತ ಹೆಚ್ಚು ಎಳೆದುಕೊಂಡರೆ ಆ ಹೊತ್ತಿನ ದರ ತೆರಬೇಕು. ದರ ಕಾಲು ಗಂಟೆಗೊಮ್ಮೆ ಬದಲಾಗುತ್ತದೆ. ಎಲ್ಲರೂ ಒಟ್ಟಿಗೆ ಎಳೆದರೆ, ತಂತಿಯ ಮೇಲಿನ ಭಾರ ತೋರಿಸುವ ಫ್ರೀಕ್ವೆನ್ಸಿ ಮೀಟರಿನ ಮುಳ್ಳು ಐವತ್ತರಿಂದ ಕೆಳಗಿಳಿಯುತ್ತದೆ. ಮುಳ್ಳು ಇಳಿದರೆ ದರ ಏರುತ್ತದೆ.

"ಹಬ್ಬದ ಹಿಂದಿನ ದಿನ ಹೂವಿನ ರೇಟ್ ಇರುತ್ತಲ್ಲ, ಹಾಗೆ" ಅಂದರು.

"ರೇಟ್ ಏರಿದಾಗ ಏನ್ ಮಾಡ್ಬೇಕು ಸಾರ್?"

"ಕಮ್ಮಿ ತಗೋಬೇಕು."

ಕಮ್ಮಿ ತೆಗೆದುಕೊಳ್ಳುವುದು ಅಂದರೆ ಯಾರದ್ದಾದರೂ ಕರೆಂಟ್ ತೆಗೆಯುವುದು. ಯಾರದ್ದು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅರೆಕೆರೆಗೆ ಹೋಗುವ ಲೈನು ಮೊದಲು ಒಂದು ದೊಡ್ಡವರ ಲೇಔಟ್ ದಾಟಿ ಹೋಗುತ್ತದೆ. ಅಲ್ಲಿ ರಿಟೈರ್ಡ್ ಜಡ್ಜ್ ಒಬ್ಬರು, ಸೆಕ್ರೆಟರಿ ಆಗಿದ್ದವರು ಇಬ್ಬರು ಇದ್ದರು. ಅವರಿಗೆ ಸೆಕೆ ಆಗಬಾರದು. ಹಾಗಾಗಿ ಅವರ ಮನೆಗಳೆಲ್ಲ ಮುಗಿದ ಮೇಲೆ, ಅರೆಕೆರೆಯ ಬಾಯಲ್ಲಿ, ಒಂದು ಕಂಬಕ್ಕೆ ಕೈಯಿಂದ ಎಳೆಯುವ ಸ್ವಿಚ್ ಹಾಕಿಸಿದರು; ಕೋಣನಕುಂಟೆಯ ಲೈನಿಗೂ ಅಂಥದ್ದೇ ಒಂದು. ಅದನ್ನು ಎಳೆದರೆ ಬಾಲ ಮಾತ್ರ ಕತ್ತರಿಸಿದ ಹಾಗೆ. ಮಾರ್ಕೆಟ್ ಶುರುವಾಗುವ ಮೊದಲು ಅಭ್ಯಾಸ ಆಗಲಿ ಎಂದು ದಿನಾ ತಾಲೀಮು. ನಮ್ಮೂರಲ್ಲಿ ತಾಲೀಮು ಅಂದರೆ ಕುಸ್ತಿ. ಪೈಲ್ವಾನರು ಒಬ್ಬರಿಗೊಬ್ಬರು ಹೇಳಿಯೇ ಅಖಾಡಕ್ಕೆ ಇಳಿಯುತ್ತಾರೆ. ಇಲ್ಲಿ ಕೆಳಗೆ ಬಿದ್ದವನಿಗೆ ತಾನು ಕುಸ್ತಿಯಲ್ಲಿದ್ದೇನೆ ಎಂಬುದೇ ಗೊತ್ತಿಲ್ಲ.

ಮಾರ್ಕೆಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಟೊಮ್ಯಾಟೊ ತುಟ್ಟಿಯಾದರೆ ನಾನೂ ಹುಣಸೆಹಣ್ಣಿನ ಸಾರು ಮಾಡುತ್ತೇನೆ. ಆದರೆ ಊಟಕ್ಕೆ ಕೂತವರಿಗೆ ಟೊಮ್ಯಾಟೊ ಬೆಕ್ಕು ತಿಂತು ಎಂದು ಹೇಳುವುದಿಲ್ಲ.

ನಮಗೆ ಬಂದ ಹುಕುಂ ಅಂಥದ್ದೇ ಇತ್ತು. ನಗರದಲ್ಲಿ ಕರೆಂಟ್ ತೆಗೆಯುವುದಿಲ್ಲ ಎಂದು ಪೇಪರಿನಲ್ಲಿ ಹೇಳಿಕೆ ಕೊಟ್ಟಾಗಿತ್ತು. ಆದ್ದರಿಂದ ಯಾರು ಫೋನ್ ಮಾಡಿದರೂ ಒಂದೇ ಮಾತು.

"ಫಾಲ್ಟ್ ಆಗಿದೆ, ಗ್ಯಾಂಗ್ ಹೊರಟಿದೆ. ಇಷ್ಟೇ ಹೇಳಿ. ಇನ್ನೇನ್ ಕೇಳಿದ್ರೂ ಇದನ್ನೇ ಹೇಳಿ" ಅಂದರು ನಂದಕುಮಾರ್ ಸಾರ್.

"ಯಾವ ಗ್ಯಾಂಗ್ ಸಾರ್?"

"ಯಾವ್ದೋ ಒಂದು." ಕಣ್ಣು ಕ್ಯಾಲೆಂಡರ್ ಮೇಲೆ.

ಗ್ಯಾಂಗ್ ಅಂದರೆ ಲೈನ್‌ಮನ್‌ಗಳ ತಂಡ. ಹೆಸರಿಗೆ ತಂಡ; ಅರೆಕೆರೆ ಕಡೆಗೆ ಇದ್ದದ್ದು ಗುರುಸಿದ್ದಣ್ಣ ಒಬ್ಬರೇ, ಜೊತೆಗೆ ಅವರ ಸೈಕಲ್ಲು, ಅದಕ್ಕೆ ಕಟ್ಟಿದ ಏಣಿ. ಅವರೂ ನಮ್ಮ ಕಡೆಯವರು, ರೋಣದವರು. ಮಧ್ಯಾಹ್ನ ನನ್ನ ಡಬ್ಬಿಯ ಶೇಂಗಾ ಚಟ್ನಿಗೆ ಅವರ ಕಣ್ಣು, ಅವರ ಖಡಕ್ ರೊಟ್ಟಿಗೆ ನನ್ನ ಕಣ್ಣು. ನನ್ನನ್ನು ತಂಗಿ ಅನ್ನುತ್ತಿದ್ದರು.

ತಾಲೀಮು ಶುರುವಾದಾಗಿನಿಂದ ದಿನಾ ತಪ್ಪದೆ ಫೋನ್ ಮಾಡುತ್ತಿದ್ದವರು ಅರೆಕೆರೆಯ ಚಿಕ್ಕಬೈರಪ್ಪ. ಹಳೆಯ ಊರಿನವರು. ಹೊಲ ಲೇಔಟಿಗೆ ಹೋದ ಮೇಲೆ ರಸ್ತೆ ಬದಿಯಲ್ಲಿ ಫ್ಲೋರ್ ಮಿಲ್ ಇಟ್ಟಿದ್ದರು. ಆ ಸ್ವಿಚ್ಚಿನ ಕಂಬ ಅವರ ಮಿಲ್ಲಿನ ಎದುರಿಗೇ ಇತ್ತು; ತಾಲೀಮಿಗೆ ಬೇರೆ ಕಡೆಯ ಲೈನ್‌ಮನ್ ಒಬ್ಬ ಖಾಕಿ ಇಲ್ಲದೆ ಬಂದು, ಎಳೆದು, ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದ.

"ಏನಮ್ಮಾ, ಮಿಷನ್ನಲ್ಲಿ ರಾಗಿ ಅರ್ಧಕ್ಕೇ ನಿಂತದೆ. ಹೆಂಗಸ್ರೆಲ್ಲ ಡಬ್ಬ ಹಿಡ್ಕೊಂಡ್ ಕೂತವ್ರೆ. ಯಾವಾಗ್ ಬತ್ತದೆ?"

"ಫಾಲ್ಟ್ ಆಗಿದೆ ಸಾರ್, ಗ್ಯಾಂಗ್ ಹೊರಟಿದೆ."

"ಆಯ್ತು ಬಿಡಮ್ಮ. ನೀನ್ ಹೇಳಿದ್ಮೇಲೆ ನಂಬ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳಕ್ಕೆ ಸಂಬಳ ಕೊಡುತ್ತಾರೆ. ನಂಬಿಕೆಗೆ ಏನು ಮಾಡುವುದು? ರೂಮಿಗೆ ಹೋದರೆ ಮನೆಯ ಮಾಲಕಿ ಮಂಗಮ್ಮ ಬೇರೆ ಗೇಟಿನಲ್ಲೇ ನಿಂತಿರುತ್ತಿದ್ದಳು. "ಏನೇ ಹುಡುಗಿ, ಅರೆಕೆರೇಲಿ ನಮ್ಮಕ್ಕನ್ ಮನೇಲಿ ದಿನಾ ಫಾಲ್ಟಂತೆ? ಅದೇನ್ ತಂತಿನೋ ದಾರನೋ?" ನಾನು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೆ.

ನವೆಂಬರಿನ ಒಂದು ಮಧ್ಯಾಹ್ನ ಗುರುಸಿದ್ದಣ್ಣ ಅಂಗಿ ಹರಿದುಕೊಂಡು ಬಂದರು. ಹುಬ್ಬಿನ ಮೇಲೆ ರಕ್ತ. ಅರೆಕೆರೆಯಲ್ಲಿ ಯಾವುದೋ ಮನೆಯ ಮೀಟರ್ ನೋಡಲು ಹೋಗಿದ್ದರಂತೆ. ಗ್ಯಾಂಗ್ ಬರುತ್ತದೆ, ಗ್ಯಾಂಗ್ ಬರುತ್ತದೆ ಎಂದು ವಾರಗಟ್ಟಲೆ ಕಾದಿದ್ದ ಜನಕ್ಕೆ ಕೊನೆಗೂ ಗ್ಯಾಂಗ್ ಸಿಕ್ಕಿತು. ಸೈಕಲ್ಲು ಚರಂಡಿಗೆ ಬಿತ್ತು. ಏಣಿ ಯಾರೋ ಮುರಿದರು.

"ಎಲ್ಲಿ ಮಲಗಿದ್ದಿಲೇ ಇಷ್ಟ್ ದಿನಾ, ಅಂತ ಕೇಳಿ ಕೇಳಿ ಬಡದ್ರವ್ವಾ" ಅಂದರು. "ನಾ ಎಲ್ಲಿ ಮಲಗಿದ್ನಿ? ನನ್ನ ಯಾರ್ ಕಳಿಸಿದ್ರು?"

ನಾನು ಅವರ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದೆ. ಆಮೇಲೆ ನೇರವಾಗಿ ನಂದಕುಮಾರ್ ಸಾರ್ ಮೇಜಿನ ಮುಂದೆ ಹೋಗಿ ನಿಂತೆ.

"ಸಾರ್, ನಾವ್ ಹೇಳಿದ ಸುಳ್ಳಿಗೆ ಅವ್ರು ಏಟು ತಿಂದಿದಾರೆ. ಇನ್ಮೇಲೆ ನಾನು ಹೇಳಲ್ಲ."

"ಸ್ವಲ್ಪ ದಿನ ತಡ್ಕೊಳ್ಳಿ. ಮುಂದಿನ ವಾರ ಚೀಫ್ ಬರ್ತಾರೆ, ಡೆಮೊ ನೋಡ್ತಾರೆ. ಅದು ಮುಗೀಲಿ."

"ಜನಕ್ಕೆ ನಿಜ ಹೇಳಿದ್ರೆ ಏನಾಗುತ್ತೆ ಸಾರ್?"

"ಯಾಕೆ ನಮ್ದೇ ತೆಗೀತೀರಾ ಅಂತ ಕೇಳ್ತಾರೆ."

"ಕೇಳ್ಲಿ."

ಅವರ ಕಣ್ಣು ಮತ್ತೆ ಗೋಡೆಗೆ ಹೋಯಿತು. ಕ್ಯಾಲೆಂಡರಿನಲ್ಲಿ ಅಷ್ಟು ಓದುವುದು ಏನಿತ್ತೋ.

ಚೀಫ್ ಬಂದರು. ತಿರುಮಲೇಶ್ ಸಾಹೇಬರು, ಜೊತೆಗೆ ಹೆಡ್ ಆಫೀಸಿನ ಮೂವರು. ಅವರಿಗಾಗಿ ನನ್ನ ಫೋನಿನ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿ, ಬಿಸ್ಕತ್ತಿನ ತಟ್ಟೆ ಇಟ್ಟಿದ್ದರು. ದರ ಏರಿದ ಕೂಡಲೇ ನಮ್ಮ ಆಫೀಸು ಎಷ್ಟು ಬೇಗ ಕರೆಂಟ್ ತೆಗೆಯುತ್ತದೆ, ಬಂದ ದೂರುಗಳನ್ನು ಎಷ್ಟು ನಾಜೂಕಾಗಿ ಸಂಭಾಳಿಸುತ್ತದೆ ಎಂದು ಅವರು ಕಣ್ಣಾರೆ ನೋಡಬೇಕಿತ್ತು. ಕಂಬದ ಹತ್ತಿರ ಯಾರನ್ನು ಕಳಿಸಿದ್ದರು? ಗುರುಸಿದ್ದಣ್ಣನನ್ನೇ. ಆ ಹೊಡೆತದ ಸುದ್ದಿ ಕೇಳಿದ ಮೇಲೆ ಬೇರೆ ಯಾವ ಲೈನ್‌ಮನ್ನೂ ಅರೆಕೆರೆಗೆ ಹೋಗಲು ಒಪ್ಪಿರಲಿಲ್ಲ. ಬೆಳಿಗ್ಗೆ ನಾನು ಅವರಿಗೆ ಅಡ್ಡ ನಿಂತು, ಹೋಗಬೇಡ್ರಿ ಅಂದಿದ್ದೆ.

"ಹೋಗ್ಲಿಲ್ಲಂದ್ರ ಸಸ್ಪೆಂಡ್ ಅಂತಾರ ತಂಗಿ" ಅಂದು ಹೋದರು. ಹುಬ್ಬಿನ ಮೇಲೆ ಇನ್ನೂ ಪಟ್ಟಿ ಇತ್ತು.

ಮೀಟರಿನ ಮುಳ್ಳು ಇಳಿಯಿತು. ಸಾಹೇಬರು ತಲೆಯಾಡಿಸಿದರು. ನಂದಕುಮಾರ್ ಸಾರ್ ವಾಕಿಟಾಕಿಯಲ್ಲಿ "ಅರೆಕೆರೆ ಆಫ್" ಅಂದರು. ಆ ಕಡೆಯಿಂದ ಗುರುಸಿದ್ದಣ್ಣನ ಧ್ವನಿ ಬಂತು: "ಆಫ್ ಮಾಡೇನ್ರಿ."

"ವೆರಿ ಗುಡ್" ಅಂದರು ಸಾಹೇಬರು, ಬಿಸ್ಕತ್ತು ಟೀಗೆ ಅದ್ದುತ್ತಾ.

ನನ್ನ ಫೋನ್ ಹೊಡೆದುಕೊಂಡಿತು. ಎತ್ತಿದೆ.

"ಏನಮ್ಮಾ, ಮತ್ತೆ ಹೋಯ್ತು!" ಚಿಕ್ಕಬೈರಪ್ಪ. ಹಿಂದೆ ಗಲಾಟೆ ಕೇಳಿಸುತ್ತಿತ್ತು. "ನಿಮ್ ಲೈನ್‌ಮನ್ನು ಇಲ್ಲೇ ಕಂಬದ್ ಕೆಳಗೆ ನಿಂತವ್ನೆ. ಹುಡುಗ್ರು ಸುತ್ತ ಹಾಕ್ಕೊಂಡವ್ರೆ. ಇವ್ನೇ ತಗ್ದ ಅಂತವ್ರೆ. ಫಾಲ್ಟೋ ಇವ್ನೇ ತಗ್ದವ್ನೋ? ನೀನ್ ಹೇಳಮ್ಮ, ನಾನ್ ಅವ್ರಿಗ್ ಹೇಳ್ತೀನಿ."

ಫಾಲ್ಟ್ ಅಂದರೆ, ಕಂಬ ಹತ್ತದೆ ಯಾಕೆ ಸುಮ್ಮನೆ ನಿಂತಿದ್ದೀಯ ಎಂದು ಹೊಡೆಯುತ್ತಾರೆ. ಅವನೇ ತೆಗೆದ ಅಂದರೆ, ತೆಗೆದದ್ದಕ್ಕೆ ಹೊಡೆಯುತ್ತಾರೆ. ಅರ್ಧ ನಿಜ ಹೇಳಿದರೂ ಸುಳ್ಳು ಹೇಳಿದರೂ ಏಟು ಅದೇ ಹುಬ್ಬಿಗೆ. ನಂದಕುಮಾರ್ ಸಾರ್ ಸಾಹೇಬರ ಬೆನ್ನ ಹಿಂದೆ ನಿಂತು, ತುಟಿಯಲ್ಲೇ 'ಫಾಲ್ಟ್, ಫಾಲ್ಟ್' ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದರೆ ಬೆಂಗಳೂರು ಕನ್ನಡ ಬರಲಿಲ್ಲ. ಕಲಿತ ಮಾತು ಎಲ್ಲಿಗೆ ಹೋಯಿತೋ, ಗದಗದ ಮಾತೇ ಬಂತು.

"ಅಣ್ಣಾರ, ಫಾಲ್ಟ್ ಇಲ್ರಿ. ಯಾವ ಗ್ಯಾಂಗೂ ಹೊಂಟಿಲ್ಲ. ಇಷ್ಟ್ ದಿನಾ ನಾ ನಿಮಗ ಹೇಳಿದ್ದೆಲ್ಲಾ ಸುಳ್ಳು. ಕರೆಂಟ್ ತುಟ್ಟಿ ಆದಾಗೆಲ್ಲಾ ನಿಮ್ಮೂರಿಂದು ತಗೀಬೇಕಂತ ಇಲ್ಲಿಂದ ಆರ್ಡರ್ ಐತ್ರಿ. ಮುಂದಿನ ಲೇಔಟಿಂದು ತಗಿಯಂಗಿಲ್ಲ, ನಿಮ್ಮದಷ್ಟ ತಗೀತಾರ. ಆ ಮನುಷ್ಯಾ ಹೇಳಿದ ಕೆಲಸ ಮಾಡ್ಯಾನ, ಅವನ ಮೈ ಮುಟ್ಟಬ್ಯಾಡ್ರಿ. ತಗಿ ಅಂತ ಹೇಳಿದವರು ಇಲ್ಲೇ ನನ್ನ ಮಗ್ಗಲದಾಗ ಕುಂತು ಬಿಸ್ಕೀಟ್ ತಿನ್ನಾಕತ್ತಾರ. ಕೊಡ್ತೀನಿ, ತಡೀರಿ."

ರಿಸೀವರನ್ನು ಸಾಹೇಬರ ಮುಖದ ಮುಂದೆ ಹಿಡಿದೆ. ಅವರ ಬಿಸ್ಕತ್ತು ಟೀಯೊಳಗೆ ಮುರಿದು ಬಿತ್ತು.

"ಯಾರ್ರೀ ಈಕೆ?" ನಂದಕುಮಾರ್ ಸಾರ್ ಕಡೆ ತಿರುಗಿದರು. ಆಮೇಲೆ ನನಗೆ, "ಇಡ್ರೀ ಫೋನು!"

"ಇಡಂಗಿಲ್ರಿ ಸಾಹೇಬ್ರ. ನಾ ಇಟ್ರ ಅಲ್ಲಿ ಒಬ್ಬಾಂವ ಏಟು ತಿಂತಾನ."

"ನೌಕರಿ ಬೇಡ್ವಾ ನಿಮ್ಗೆ?"

"ಬೇಕ್ರಿ. ಅದಕ್ಕ ಇಷ್ಟ್ ದಿನಾ ಸುಳ್ಳ ಹೇಳೀನಿ. ಈಗ ನೀವ್ ಮಾತಾಡ್ರಿ."

ಕೈ ಚಾಚಿಕೊಂಡೇ ನಿಂತೆ. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಊರಲ್ಲಿ ಅಮ್ಮನಿಗೆ ಏನು ಹೇಳುವುದು ಅನ್ನುವುದೂ ತಲೆಯಲ್ಲಿ ಬಂದು ಹೋಯಿತು. ಆದರೂ ಕೈ ಇಳಿಸಲಿಲ್ಲ. ರಿಸೀವರಿನೊಳಗಿಂದ ಚಿಕ್ಕಬೈರಪ್ಪನ ಧ್ವನಿ ಇಡೀ ರೂಮಿಗೆ ಕೇಳಿಸುತ್ತಿತ್ತು. "ಹಲೋ! ಯಾರ್ ಸಾಹೇಬ್ರು? ಮಾತಾಡ್ರೀ! ಇಲ್ಲಿ ಹುಡುಗ್ರು ಕಾಲರ್ ಹಿಡ್ದವ್ರೆ!"

ವಾಕಿಟಾಕಿಯಲ್ಲಿ ಗುರುಸಿದ್ದಣ್ಣ "ಸಾರ್, ಸಾರ್" ಅಂದರು. ಆಮೇಲೆ ಬರೀ ಗದ್ದಲ.

ಹೆಡ್ ಆಫೀಸಿನ ಮೂವರೂ ಸಾಹೇಬರನ್ನೇ ನೋಡುತ್ತಿದ್ದರು. ಅವರು ಎರಡು ಬೆರಳಿನಲ್ಲಿ ರಿಸೀವರ್ ಹಿಡಿದುಕೊಂಡರು.

"ನೋಡಿ, ಇದು ಟೆಕ್ನಿಕಲ್ ವಿಷಯ. ಫ್ರೀಕ್ವೆನ್ಸಿ..."

"ಅದೆಲ್ಲ ಬ್ಯಾಡ ಸಾಮಿ. ನೀವ್ ತಗ್ಸಿದ್ರಾ, ಇಲ್ವಾ? ಅಷ್ಟ್ ಹೇಳಿ."

ಸಾಹೇಬರು ಬಾಗಿಲು ನೋಡಿದರು, ಕಿಟಕಿ ನೋಡಿದರು. ಅವರಿಗೆ ನೋಡಲು ಕ್ಯಾಲೆಂಡರ್ ಸಿಗಲಿಲ್ಲ, ಅದು ಅವರ ಬೆನ್ನ ಹಿಂದಿತ್ತು.

"ಹೂಂ" ಅಂದರು.

"ಜೋರಾಗ್ ಹೇಳಿ."

"ನಾನೇ ತೆಗ್ಸಿದ್ದು."

ಆ ಕಡೆ ಚಿಕ್ಕಬೈರಪ್ಪ ರಿಸೀವರ್ ಬಿಟ್ಟು ಕೂಗಿದ್ದು ಈ ಕಡೆ ನಮಗೆಲ್ಲ ಕೇಳಿಸಿತು. "ಬಿಡ್ರೋ ಅವ್ನ! ಬಿಡ್ರೋ ಅಂದ್ರೆ! ತಗ್ಸಿದೋನು ಜೆ.ಪಿ. ನಗರದ್ ಆಫೀಸಲ್ಲಿ ಕೂತವ್ನಂತೆ! ಒಪ್ಕೊಂಡವ್ನೆ!" ಮತ್ತೆ ಫೋನಿಗೆ ಬಂದು, ತಣ್ಣಗೆ, "ಅಲ್ಲೇ ಇರಿ ಸಾಮಿ. ನಾವೇ ಬತ್ತೀವಿ. ಯಾಕೆ ನಮ್ದೇ ತಗೀತೀರ ಅಂತ ಕೇಳೋದದೆ" ಅಂದರು.

ಸಾಹೇಬರು ಕಾಯುತ್ತ ಕೂರಲಿಲ್ಲ. ಟೀ ಅರ್ಧಕ್ಕೇ ಬಿಟ್ಟು, "ಆನ್ ಮಾಡ್ಸಿ, ಆನ್ ಮಾಡ್ಸಿ" ಅನ್ನುತ್ತಾ ಕಾರು ಹತ್ತಿದರು. ವಾಕಿಟಾಕಿಯಲ್ಲಿ ಗುರುಸಿದ್ದಣ್ಣನ ಉಸಿರು ಕೇಳಿಸಿತು. "ಆನ್ ಆತ್ರಿ. ನಾ ಅರಾಮ್ ಅದೀನಿ. ಇಲ್ಲಿ ಸೋಡಾ ಕೊಡಾಕತ್ತಾರ" ಅಂದರು. ನನಗೆ ಆಗ ಅಳು ಬಂತು. ಸಿಟ್ಟಿನಲ್ಲಿ ಬರದ ಅಳು ಸೋಡಾಕ್ಕೆ ಬಂತು.

ನಂದಕುಮಾರ್ ಸಾರ್ ಕಾರಿನವರೆಗೆ ಹೋಗಿ ವಾಪಸು ಬಂದರು. ಈ ಸಲ ಕ್ಯಾಲೆಂಡರ್ ನೋಡಲಿಲ್ಲ, ನನ್ನನ್ನೇ ನೋಡಿದರು.

"ನಾಳೆಯಿಂದ ಬರ್ಬೇಡಿ ಅಂತ ಹೇಳು ಅಂದ್ರು."

"ನಾಳಿಂದ ಅಲ್ಲರಿ?"

"ಹೂಂ. ನಾಳೆಯಿಂದ."

"ಹಂಗಂದ್ರ ಇವತ್ತ ಸಂಜೀತನಾ ಡ್ಯೂಟಿ ನಂದ."

ಅವರು ಫೋನಿನ ಕಡೆ ನೋಡಿದರು. ಕಿತ್ತುಕೊಳ್ಳಬಹುದಿತ್ತು, ವೈರ್ ಎಳೆಯಬಹುದಿತ್ತು. ಏನೂ ಮಾಡದೆ ಕುರ್ಚಿ ಎಳೆದುಕೊಂಡು ಕೂತು, ಸಾಹೇಬರು ಬಿಟ್ಟುಹೋದ ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದುಕೊಂಡರು. ತಟ್ಟೆಯನ್ನು ನನ್ನ ಕಡೆಗೂ ಸರಿಸಿದರು.

ಫೋನ್ ಹೊಡೆದುಕೊಂಡಿತು. ಕೋಣನಕುಂಟೆಯಿಂದ ಯಾರೋ ಹೆಂಗಸು, ನಿನ್ನೆ ತಮ್ಮಲ್ಲಿ ಎರಡು ಸಲ ಕರೆಂಟ್ ಹೋಗಿತ್ತು, ಗ್ಯಾಂಗ್ ಬರುತ್ತದೆ ಎಂದಿದ್ದಿರಿ, ಬರಲೇ ಇಲ್ಲವಲ್ಲ ಎಂದು ಜೋರು ಮಾಡಿದರು.

ನಾನು ಕಣ್ಣು ಒರೆಸಿಕೊಂಡು, ಕುರ್ಚಿ ಮುಂದಕ್ಕೆ ಎಳೆದುಕೊಂಡೆ.

"ಅಕ್ಕಾರ, ಪುರಸೊತ್ತು ಐತೇನ್ರಿ? ಕುಂದರ್ರಿ. ಕರೆಂಟ್ ಯಾಕ ಹೋತು, ಯಾರ್ ತಗಸಿದ್ರು, ಎಲ್ಲಾ ಹೇಳ್ತೀನಿ."