ಬೀಳುವ ಹೆಸರುಗಳ ಪಟ್ಟಿ

ಕಚೇರಿಯಲ್ಲಿ ಅವನನ್ನು ಎಲ್ಲರೂ ಅಕ್ಕಸಾಲಿ ಎಂದೇ ಕರೆಯುತ್ತಿದ್ದರು. ಚಿನ್ನದ ಗಂಧಗಾಳಿಯೂ ಅವನಿಗೆ ಇರಲಿಲ್ಲ, ಅವನು ತೂಗುತ್ತಿದ್ದುದು ಇಂಟರ್ನೆಟ್ಟಿನ ಹೆಸರುಗಳನ್ನು. ಯಾರಾದರೂ ಒಂದು ವೆಬ್‌ಸೈಟಿನ ಹೆಸರು ತಂದು ಇದಕ್ಕೆ ಎಷ್ಟು ಬರಬಹುದು ಎಂದು ಕೇಳಿದರೆ ಸಾಕು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಎರಡು ನಿಮಿಷ ನೋಡಿ, ಒಂದು ಅಂಕಿ ಹೇಳಿಬಿಡುತ್ತಿದ್ದ. ಒಂಬತ್ತು ವರ್ಷದಲ್ಲಿ ಅವನ ಅಂದಾಜು ತೀರಾ ತಪ್ಪಿದ್ದು ಎರಡೇ ಸಲ. ಆ ಎರಡನ್ನು ಹಿಡಿದು ಜೊತೆಯವರು ಇವತ್ತಿಗೂ ಅವನ ಕಾಲೆಳೆಯುತ್ತಿದ್ದರು.

ಹೊಸದಾಗಿ ಸೇರಿದವರಿಗೆ ಅವನು ಹೇಳುತ್ತಿದ್ದ ಪಾಠ ಬಹಳ ಸರಳ. ಹೆಸರು ಅಂದರೆ ಮೂಲೆ ಸೈಟು ಇದ್ದ ಹಾಗೆ. ಊರಲ್ಲಿ ಜಾಗ ಎಷ್ಟಾದರೂ ಇರಲಿ, ಆ ಮೂಲೆ ಮಾತ್ರ ಒಂದೇ. ಹೆಸರು ಚಿಕ್ಕದಾಗಿರಬೇಕು. ಫೋನಿನಲ್ಲಿ ಒಮ್ಮೆ ಹೇಳಿದರೆ ಆ ಕಡೆಯವರು ‘ಆಂ?’ ಅನ್ನಬಾರದು. ನಡುವೆ ಒಂದು ಅಡ್ಡಗೀಟು ಬಂತೋ, ಅಂಕಿ ಬಂತೋ, ಅರ್ಧ ಬೆಲೆ ಅಲ್ಲೇ ಹೋಯಿತು. ಕೊನೆಗೆ ಡಾಟ್ ಕಾಮ್ ಇದ್ದರೆ ಅದರ ಗತ್ತೇ ಬೇರೆ. ಹೆಸರಿಗೆ ವಯಸ್ಸಾಗಿರಬೇಕು, ವಯಸ್ಸಿಗೆ ತಕ್ಕ ನಡತೆಯೂ ಇರಬೇಕು. ಒಮ್ಮೆ ಕಳ್ಳರ ಕೈಗೆ ಸಿಕ್ಕಿ ನಾಲ್ಕು ಜನಕ್ಕೆ ಟೋಪಿ ಹಾಕಿದ ಹೆಸರನ್ನು ಆಮೇಲೆ ಯಾವ ಗಂಗೆಯಲ್ಲಿ ತೊಳೆದರೂ ಅಷ್ಟೇ. ಇಷ್ಟೂ ಗುಣ ಕೂಡಿಬಂದ ಹೆಸರು ಬೇಕು ಅಂದರೆ ಸಿಗುವುದಿಲ್ಲ, ಯಾರೋ ಪುಣ್ಯಾತ್ಮರು ಕಾಲು ಶತಮಾನದ ಹಿಂದೆಯೇ ಅದನ್ನು ಹಿಡಿದುಕೊಂಡು ಕೂತಿರುತ್ತಾರೆ.

ಆದರೆ ಕೂತವರೂ ಒಮ್ಮೊಮ್ಮೆ ಮರೆಯುತ್ತಾರೆ. ಈ ಹೆಸರುಗಳನ್ನು ಯಾರೂ ಪೂರ್ತಿಯಾಗಿ ಕೊಳ್ಳುವಂತಿಲ್ಲ, ವರ್ಷ ವರ್ಷವೂ ಇಷ್ಟು ಅಂತ ಕಟ್ಟಿ ನವೀಕರಿಸುತ್ತಲೇ ಇರಬೇಕು. ಕಟ್ಟದೆ ಹೋದರೆ ಎರಡು ತಿಂಗಳು ಗಡುವು. ಗಡುವು ದಾಟಿದ ಮೇಲೆ ಮಾಲೀಕ ಬಾಯಿ ಬಾಯಿ ಬಡಿದುಕೊಂಡರೂ ವಾಪಸ್ಸಿಲ್ಲ. ಐದು ದಿನ ಬಿಟ್ಟು ಆ ಹೆಸರು ಬೀದಿಗೆ ಬೀಳುತ್ತದೆ, ಮೊದಲು ಹಿಡಿದವರದ್ದು. ಅಕ್ಕಸಾಲಿಯ ಕಚೇರಿಯ ನಿಜವಾದ ಕಸುಬು ಇದೇ, ಬೀಳುವುದನ್ನು ಕಾಯುವುದು. ದಿನಾ ಬೆಳಿಗ್ಗೆ, ಆ ಸಂಜೆ ಆರಕ್ಕೆ ಗಡುವು ಮುಗಿಯುವ ಹೆಸರುಗಳ ಪಟ್ಟಿ ಬರುತ್ತಿತ್ತು. ಅದರ ಮುಂದೆ ಕೂತವರಿಗೆ ಒಂದೇ ಕಟ್ಟಳೆ: ಮಾಲೀಕರಿಗೆ ಯಾವ ಕಾರಣಕ್ಕೂ ಸುದ್ದಿ ಮುಟ್ಟಿಸಬಾರದು. ಮುಟ್ಟಿಸಿದರೆ ಅವರು ಕಟ್ಟಿಬಿಡುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು. ಇದರಲ್ಲಿ ತಪ್ಪೇನಿದೆ ಎಂದು ಅಕ್ಕಸಾಲಿ ಯೋಚಿಸಿದವನೇ ಅಲ್ಲ. ಮರೆತದ್ದು ಅವರು, ಕದ್ದದ್ದಂತೂ ನಾವಲ್ಲ.

ಆ ಮಂಗಳವಾರ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದವು. ಏಳನೆಯದನ್ನು ನೋಡಿ ಅವನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಅಂಗಿಯ ಗುಂಡಿಗೆ ಲೋಕವೆಲ್ಲ ಬಳಸುವ ಇಂಗ್ಲಿಷ್ ಪದ, ಅದರ ಮುಂದೆ ಡಾಟ್ ಕಾಮ್, ಅಷ್ಟೇ. ಅದು ಅವನ ಸೋದರತ್ತೆಯದು.

ಯಜಮಾನರು ಆಗಲೇ ಹಿಂದೆ ಬಂದು ನಿಂತಿದ್ದರು. ಸಿದ್ಧ ಉಡುಪಿನ ದೊಡ್ಡ ಕಂಪನಿಯೊಂದು ಈ ಹೆಸರಿಗಾಗಿ ಎಷ್ಟೋ ದಿನದಿಂದ ಬಾಯಿ ಬಿಟ್ಟುಕೊಂಡು ಕೂತಿದೆಯಂತೆ. ಇವತ್ತೇ ಗಡುವಿನ ಕೊನೆಯ ದಿನ, ಸಂಜೆ ಆರಾದರೆ ಆಯಿತು, ಮುದುಕಿ ಯಾರೋ ಇರಬೇಕು, ಮಲಗಿರಲಿ ಪಾಪ, ಎಂದು ನಕ್ಕರು. ಹಿಡಿದರೆ ಅಕ್ಕಸಾಲಿಗೂ ಒಂದು ಪಾಲು ಉಂಟು ಎಂದು ಬೆನ್ನು ತಟ್ಟಿ ಹೋದರು. ಆ ಪಾಲು ಎಷ್ಟಾಗಬಹುದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸ್ವಂತದ್ದೊಂದು ಮನೆಯ ಮುಂಗಡಕ್ಕೆ ಅಷ್ಟು ಸಾಕಿತ್ತು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆ. ಅತ್ತೆಯ ಮಾತು ಗಾದೆಯಲ್ಲಿ ಇಲ್ಲ. ಅವನು ಹನ್ನೊಂದು ಗಂಟೆಯವರೆಗೂ ಕೂತ. ಕಾಫಿ ಕುಡಿದ, ಮತ್ತೆ ಕುಡಿದ. ಅತ್ತೆಗೆ ಈಗ ಅರವತ್ತೆಂಟು, ಇನ್ನೆಷ್ಟು ದಿನ ಅಂಗಡಿ ನಡೆಸುತ್ತಾರೆ ಎಂದು ತನಗೆ ತಾನೇ ವಾದ ಮಾಡಿಕೊಂಡ. ಐದು ವರ್ಷದ ಹಿಂದೆ ತಾನೇ ಹೋಗಿ, ಒಳ್ಳೆ ಬೆಲೆಗೆ ಮಾರಿಬಿಡಿ ಅಂದಿದ್ದ. ಇಲ್ಲದ ಅಂಗಡಿಗೆ ಬಾಡಿಗೆ ಹೇಳೋನು ನೀನು ಎಂದು ಅತ್ತೆ ಮುಖಕ್ಕೆ ಹೊಡೆದಂತೆ ಅಂದು ಕಳಿಸಿದ್ದರು. ಆಗ ಹೊಟ್ಟೆ ಉರಿದಿದ್ದು ನಿಜ, ಈಗಲೂ ಸ್ವಲ್ಪ ಉರಿಯಿತು. ಹಾಗೆ ಉರಿಯುತ್ತಲೇ ಎದ್ದು, ಹಲ್ಲು ನೋವು, ವೈದ್ಯರ ಹತ್ತಿರ ಹೋಗಿ ಬರುತ್ತೇನೆ ಎಂದು ಹೇಳಿ ಹೊರಟ.

ಅತ್ತೆಯ ಅಂಗಡಿ ರೈಲಿನ ಡಬ್ಬಿಯ ಹಾಗೆ ಅಗಲ ಕಡಿಮೆ, ಉದ್ದ ಜಾಸ್ತಿ. ಎರಡೂ ಗೋಡೆಗೆ ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಮರದ ಡ್ರಾಯರುಗಳು, ಪ್ರತಿಯೊಂದರ ಮುಖಕ್ಕೂ ಒಳಗಿರುವ ಗುಂಡಿಯದೇ ಒಂದು ಮಾದರಿಯನ್ನು ದಾರದಲ್ಲಿ ಬಿಗಿದಿದ್ದರು. ಕೋಟಿನ ಐದು ಗುಂಡಿಯಲ್ಲಿ ಒಂದು ಕಳೆದುಹೋದರೆ, ಉಳಿದ ನಾಲ್ಕರ ಫೋಟೋವನ್ನು ಜನ ಎಲ್ಲೆಲ್ಲಿಂದಲೋ ಅತ್ತೆಗೆ ಮೇಲ್ ಮಾಡುತ್ತಿದ್ದರು, ಅತ್ತೆ ಅದರ ಜೋಡಿ ಹುಡುಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಬೀದಿಯ ಗಿರಾಕಿಗಳು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಅಂಗಡಿಯ ಉಸಿರು ಆ ಮೇಲ್‌ಗಳಲ್ಲಿತ್ತು, ಮೇಲ್ ಬರುತ್ತಿದ್ದುದು ಆ ಹೆಸರಿಗೆ.

ಅತ್ತೆ ಏಣಿಯ ಮೇಲಿದ್ದರು. ಇವನನ್ನು ನೋಡಿ ಇಳಿಯಲಿಲ್ಲ. ಎರಡು ತಿಂಗಳಿಂದ ವ್ಯಾಪಾರ ನೊಣ ಹೊಡೆಯೋ ಹಾಗಾಗಿದೆ, ಜನ ಗುಂಡಿ ಹಾಕಿಕೊಳ್ಳೋದೇ ಬಿಟ್ಟರೋ ಏನೋ ಎಂದು ಅಲ್ಲಿಂದಲೇ ಅಲವತ್ತುಕೊಂಡರು. ಬಂದ ವಿಷಯವನ್ನು ಅವನು ಸುತ್ತು ಬಳಸದೆ ಹೇಳಿದ. ಹೆಸರು ನವೀಕರಣ ಆಗಿಲ್ಲ, ಅದಕ್ಕೇ ಮೇಲ್ ಬರುತ್ತಿಲ್ಲ, ಸಂಜೆ ಆರರೊಳಗೆ ಕಟ್ಟದಿದ್ದರೆ ಹೋಯಿತು. ಅತ್ತೆ ಇಳಿದು ಬಂದು ಸ್ಟೂಲಿನ ಮೇಲೆ ಕೂತರು.

“ನಂಗೆ ಯಾರೂ ಹೇಳ್ಲೇ ಇಲ್ವಲ್ಲೋ,” ಅಂದರು.

ಹೇಳಿದ್ದರು. ಮೇಲ್ ನಿಲ್ಲುವ ಮೊದಲೇ ಹೆಸರು ನೋಂದಾಯಿಸುವ ಕಂಪನಿಯಿಂದ ಮೂರು ಸಲ ನೋಟೀಸು ಬಂದಿತ್ತು. ಬ್ಯಾಂಕಿನ ಹಳೆಯ ಕಾರ್ಡು ಬದಲಾದದ್ದರಿಂದ ತಾನಾಗಿ ಕಟ್ಟಿಹೋಗುವುದು ನಿಂತಿತ್ತು, ಕೈಯಾರೆ ಕಟ್ಟಿ ಎಂದು ಬರೆದಿದ್ದರು. ಆದರೆ ಒಳ್ಳೆಯ ಹೆಸರಿಗೆ ಕಳ್ಳರ ಕಾಟ ಹೆಚ್ಚು. ನಾಳೆ ನಿಮ್ಮ ಹೆಸರು ಹೋಗುತ್ತದೆ, ಇಲ್ಲಿ ಒತ್ತಿ ದುಡ್ಡು ಕಟ್ಟಿ ಎಂಬ ಸುಳ್ಳು ನೋಟೀಸುಗಳು ಅತ್ತೆಗೆ ದಿನಕ್ಕೆ ನಾಲ್ಕೈದು ಬರುತ್ತಿದ್ದವು. ಒಮ್ಮೆ ಅವರು ಅಂಥದ್ದಕ್ಕೆ ಕಟ್ಟುವುದರಲ್ಲೇ ಇದ್ದಾಗ, ಇಂಥವು ಬಂದರೆ ಬಿಡಿಸಿಯೂ ನೋಡಬೇಡಿ, ಕಂಡ ಕೂಡಲೇ ಅಳಿಸಿಬಿಡಿ ಎಂದು ಕಟ್ಟುನಿಟ್ಟಾಗಿ ಹೇಳಿಕೊಟ್ಟವನು ಇವನೇ. ಅತ್ತೆ ಜನ್ಮದಲ್ಲಿ ಯಾರ ಮಾತೂ ಕೇಳಿದವರಲ್ಲ, ಇದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದರು. ಅವನಿಗೆ ತಲೆ ಎತ್ತಲು ಆಗಲಿಲ್ಲ.

ಕಟ್ಟಲು ಕೂತರೆ ಇನ್ನೊಂದು ತೊಡಕು. ಗುಪ್ತಪದ ಅತ್ತೆಗೆ ನೆನಪಿಲ್ಲ, ಹೊಸದು ಬೇಕು ಅಂದರೆ ಅದು ಹೋಗುವುದು ಅದೇ ಹೆಸರಿನ ಮೇಲ್ ಪೆಟ್ಟಿಗೆಗೆ, ಆ ಪೆಟ್ಟಿಗೆಯೇ ಈಗ ಸತ್ತು ಕೂತಿದೆ. ಬೀಗದ ಕೈ ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು. ಆ ಕಂಪನಿಗೆ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರು. ಆಮೇಲೆ ಸಿಕ್ಕ ಹೆಣ್ಣುಮಗಳು, ಗುರುತಿನ ಚೀಟಿ ಕಳಿಸಿ, ಹಿರಿಯ ಅಧಿಕಾರಿಗಳು ಅದನ್ನು ನೋಡಿ ನೋಂದಣಿಯಲ್ಲಿರುವ ದೂರವಾಣಿಗೆ ತಾವಾಗಿಯೇ ಫೋನ್ ಮಾಡುತ್ತಾರೆ ಅಂದಳು. ಅದು ಅಂಗಡಿಯ ಹಳೇ ತಂತಿ ಫೋನು. ಅತ್ತೆ ಅದನ್ನು ತೆಗೆಸಿರಲಿಲ್ಲ.

ಚೀಟಿಯ ಫೋಟೋ ಕಳಿಸಿ ಇಬ್ಬರೂ ಫೋನಿನ ಮುಂದೆ ಕೂತರು. ಮೂರು ಗಂಟೆಯಾಯಿತು, ನಾಲ್ಕಾಯಿತು. ನಡುವೆ ಅವನ ಮೊಬೈಲಿಗೆ ಯಜಮಾನರು ಎರಡು ಸಲ ಫೋನ್ ಮಾಡಿದರು, ಅವನು ತೆಗೆಯಲಿಲ್ಲ. ಅತ್ತೆ ಸುಮ್ಮನೆ ಕೂರಲಾರದೆ ಒಂದು ಡ್ರಾಯರಿನ ಗುಂಡಿಗಳನ್ನು ಮೇಜಿನ ಮೇಲೆ ಸುರಿದು ಗಾತ್ರದ ಪ್ರಕಾರ ವಿಂಗಡಿಸಿದರು, ಮತ್ತೆ ಬೆರೆಸಿ ಮತ್ತೆ ವಿಂಗಡಿಸಿದರು. ಐದೂ ಹತ್ತಕ್ಕೆ ಫೋನ್ ಬಡಿಯಿತು. ಆ ಕಡೆಯವನು ಹುಟ್ಟಿದ ದಿನಾಂಕ ಕೇಳಿದ, ವಿಳಾಸ ಕೇಳಿದ, ಮೊದಲ ಸಲ ಹೆಸರು ತೆಗೆದುಕೊಂಡದ್ದು ಯಾವ ವರ್ಷ ಎಂದು ಕೇಳಿದ. ಅತ್ತೆ ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟರು. ಐದೂವರೆಗೆ ಹೊಸ ಕಾರ್ಡಿನಿಂದ ಹಣ ಕಟ್ಟಿ ಆಯಿತು. ಪರದೆಯ ಮೇಲೆ ಆ ಹೆಸರಿನ ಎದುರು ಅತ್ತೆಯ ಹೆಸರು ಮತ್ತೆ ಬಂತು. ಅವನು ಉಸಿರು ಬಿಟ್ಟ. ಕೈ ಬಿಟ್ಟುಹೋದ ಮನೆಯ ನೆನಪು ಒಂದು ಗಳಿಗೆ ಬಂದು ಹೋಯಿತು, ಅಷ್ಟೇ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಚಹಾ ತಂದು ಕೊಟ್ಟು, ಇವತ್ತೇ ಕೊನೇ ದಿನ ಅಂತ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಅವನು ಪಟ್ಟಿಯ ವಿಷಯ ಹೇಳಿದ. ಕಚೇರಿಯ ಕಟ್ಟಳೆಯನ್ನೂ ಹೇಳಿದ. ಇಷ್ಟು ಮಾಡಿದ ಮೇಲೆ ಮುಚ್ಚಿಡುವುದೇಕೆ ಅನ್ನಿಸಿತ್ತು, ಒಂದು ಹೊಗಳಿಕೆಯ ಮಾತಿನ ಆಸೆಯೂ ಇತ್ತು. ಅತ್ತೆ ಲೋಟ ಕೆಳಗಿಟ್ಟರು.

“ನಾನು ನಿನ್ನ ಅತ್ತೆ ಆಗ್ದೇ ಇದ್ದಿದ್ರೆ?”

ಸುಳ್ಳು ಹೇಳಬಹುದಿತ್ತು. ಅತ್ತೆಯ ಎದುರು ಅವನಿಗೆ ಸುಳ್ಳು ಯಾವತ್ತೂ ದಕ್ಕಿದ್ದಿಲ್ಲ.

“ಹೇಳ್ತಿರ್ಲಿಲ್ಲ, ಅತ್ತೆ.”

ಬೈಗುಳಕ್ಕೆ ಕಾದ. ಅತ್ತೆ ಬೈಯಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. ಅವರು ಗೋಡೆಯ ಗಡಿಯಾರ ನೋಡಿದರು. ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

“ಇವತ್ತಿನ ಪಟ್ಟೀಲಿ ಇನ್ನೂ ಎಷ್ಟು ಜನ ಇದ್ದಾರೆ?”

“ಹನ್ನೊಂದು.”

“ಯಾರ್ಯಾರು?”

ಅವನು ಮೊಬೈಲಿನಲ್ಲಿ ಪಟ್ಟಿ ತೆಗೆದ, ಪ್ರತಿ ಹೆಸರಿನ ಎದುರೂ ಮಾಲೀಕರ ಫೋನ್ ನಂಬರು ಇತ್ತು. ಹನ್ನೊಂದರಲ್ಲಿ ಯಾವುದು ಎಷ್ಟಕ್ಕೆ ಹೋಗುತ್ತದೆ ಎಂದು ನೋಡದೆಯೇ ಹೇಳಬಲ್ಲವನಾಗಿದ್ದ. ಅತ್ತೆ ಕೇಳಿದ್ದು ಅದನ್ನಲ್ಲ. ಮೇಲಿನಿಂದ ಕೆಳಗಿನವರೆಗೆ ಓದಿದ, ಮತ್ತೊಮ್ಮೆ ಓದಿದ.

“ಗೊತ್ತಿಲ್ಲ, ಅತ್ತೆ,” ಅಂದ.

ಅತ್ತೆ ತಂತಿ ಫೋನನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದರು.