ಕರೆಯುವ ಹಾಡು, ಕಳಿಸುವ ಹಾಡು

"ನೀರಲ್ಲಿ ಮುಳುಗಿ ಸತ್ತೋರ ಕಣ್ಣಲ್ಲಿ ಬೆಂಕಿ ಎಲ್ಲಿಂದ ಬರುತ್ತೆ?" ಎಂದು ತೋಮಿಎ ಅಜ್ಜಿ ಯಾರನ್ನೂ ನೋಡದೆ ಕೇಳಿದರು. ಸಿನಿಮಾದವರು ಬರೆಸಿ ತಂದ ಚಿತ್ರಪಟದಲ್ಲಿ ನಮ್ಮ ಕೊಲ್ಲಿಯ ಸಮುರಾಯಿಗಳು ಉರಿಗಣ್ಣಿನ ದೆವ್ವಗಳಾಗಿ ಅಲೆಗಳಿಂದ ಏಳುತ್ತಿದ್ದರು.

ನೂರಾರು ವರ್ಷಗಳ ಹಿಂದೆ ಈ ಕೊಲ್ಲಿಯಲ್ಲಿ ನಡೆದ ಹಡಗುಗಳ ಕದನದಲ್ಲಿ ಮುಳುಗಿದ ಆ ಸಮುರಾಯಿಗಳಿಗಾಗಿ ಅಜ್ಜಿ ಪ್ರತಿ ಬೇಸಿಗೆ ಗುಡಿಯಲ್ಲಿ ಬಿವಾ ಮೀಟಿ ಹಾಡುತ್ತಾರೆ. ಹಾಡಿನ ಮೊದಲ ಭಾಗ ಸತ್ತವರನ್ನು ಹೆಸರು ಹಿಡಿದು ಕರೆಯುತ್ತದೆ, ಎರಡನೆಯದು ಕೈಮುಗಿದು ಕಳಿಸಿಕೊಡುತ್ತದೆ. ಇದೇ ಕಡಲಿಗೆ ಮೀನಿಗೆಂದು ಹೋಗಿ ತೀರಿಕೊಂಡವರ ಹೆಸರುಗಳೂ ಅದರಲ್ಲಿ ಸೇರುತ್ತ ಬಂದಿವೆ. ಕೊನೆಯದು ಅಜ್ಜಿಯ ಮಗ ಶಿಗೆಯೋಶಿಯದು. ಚಿಕ್ಕಂದಿನಿಂದ ಕೇಳುತ್ತ ಬಂದ ನಾನು ಎರಡನೆಯ ಭಾಗ ಮುಗಿಯದೆ ಇಂದಿಗೂ ಮೇಲೇಳುವುದಿಲ್ಲ.

"ಕರೆಯೋ ಭಾಗ ಕೇಳಿದ್ರೆ ಮೈ ಜುಮ್ಮೆನ್ನುತ್ತೆ ಅಜ್ಜಿ," ಎಂದ ನಿರ್ದೇಶಕ ಕುರಾಮೋಚಿ. "ದೆವ್ವಗಳು ಏಳೋಕೆ ಅಷ್ಟು ಸಾಕು. ಅದೊಂದನ್ನೇ ಹಾಡಿಬಿಡಿ, ರೆಕಾರ್ಡ್ ಮಾಡ್ಕೋತೀವಿ."

"ಎದ್ದು ಬಂದೋರು?"

"ಎರಡನೇ ಸಿನಿಮಾಗೂ ಬೇಕಲ್ಲ, ನಿಂತಿರ್ಲಿ ಬಿಡಿ," ಎಂದು ಅವನು ನಕ್ಕ.

ಅಜ್ಜಿ ಬಿವಾವನ್ನು ಬಟ್ಟೆಯಲ್ಲಿ ಸುತ್ತಿದರು.

"ನನ್ನ ಮಗನ್ನ ಆ ತಣ್ಣೀರಲ್ಲಿ ನಿಲ್ಲಿಸಿ ಮನೆಗೆ ಹೋಗ್ಲಾ? ನಾನು ಹಾಡಲ್ಲ ಕಣಪ್ಪ."